ಚಿನ್ನ-ಬೆಳ್ಳಿ ನಾಣ್ಯಗಳ ಪರೀಕ್ಷೆ: ತಕ್ಕಡಿ, ಅಯಸ್ಕಾಂತ ಮತ್ತು ಒಂದು ಲೋಟ ನೀರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯ ಶಿಕ್ಷಣ ಶಿಬಿರದಲ್ಲಿ ಆಭರಣ ಸಾಲ ವಿಭಾಗದ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳ್ಳಿಹಬ್ಬದ ದಿನ ಸಾಧನೆಗಳನ್ನು ಹೇಳಿಕೊಳ್ಳುವುದು ವಾಡಿಕೆ. ಠೇವಣಿ ಎಷ್ಟಾಯಿತು, ಸಾಲ ಎಷ್ಟು ಕೊಟ್ಟೆವು, ವಸೂಲಿ ಎಷ್ಟು ಎಂಬುದನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಹೇಳಿದ್ದಾರೆ. ನಮಗೆ ಒಪ್ಪಿಸಿದ ವಿಷಯ ಬೇರೆ. ಚಿನ್ನ, ಬೆಳ್ಳಿಯ ನಾಣ್ಯ ಮತ್ತು ಗಟ್ಟಿ ಅಸಲಿಯೋ ನಕಲಿಯೋ ಎಂಬುದನ್ನು ಕಡಿಮೆ ಖರ್ಚಿನಲ್ಲಿ ತಿಳಿಯುವುದು ಹೇಗೆ ಎಂಬುದರ ಮೇಲೆ ನಾಲ್ಕು ಮಾತು ಆಡಿ ಅಂದಿದ್ದಾರೆ. ಈ ವಿದ್ಯೆಯನ್ನು ನಾವು ಪುಸ್ತಕ ಓದಿ ಕಲಿತವರಲ್ಲ, ಎರಡು ತಪ್ಪು ಮಾಡಿ ಕಲಿತವರು. ಆದ್ದರಿಂದ ಮೊದಲು ಆ ತಪ್ಪುಗಳನ್ನೇ ಹೇಳಿಬಿಡುತ್ತೇವೆ.

ನಮ್ಮ ಎರಡು ತಪ್ಪುಗಳು

2009ರಲ್ಲಿ ನಮ್ಮೂರಿನ ಒಬ್ಬ ಅಜ್ಜಿ ಸೆರಗಿನ ಗಂಟಿನಲ್ಲಿ ಎಂಟು ಹಳೇ ರೂಪಾಯಿ ಕಟ್ಟಿಕೊಂಡು ಸಂಘಕ್ಕೆ ಬಂದರು. ಆರನೇ ಜಾರ್ಜ್ ರಾಜನ ಮುಖ ಇದ್ದ ರೂಪಾಯಿಗಳು. ಮೊಮ್ಮಗಳ ಶಾಲೆಯ ಫೀಜಿಗೆ ಅದರ ಮೇಲೆ ಸಣ್ಣ ಸಾಲ ಬೇಕಿತ್ತು. ನಾವು ಒರೆಗಲ್ಲಿಗೆ ಉಜ್ಜಿ ಆಮ್ಲದ ಹನಿ ಬಿಟ್ಟೆವು. ಗೆರೆ ಹಸಿರಾಯಿತು. ಶುದ್ಧ ಬೆಳ್ಳಿಯ ಹಾಗೆ ಕಾಣಲಿಲ್ಲ. "ಅಜ್ಜೀ, ಇದು ಬೆಳ್ಳಿ ಅಲ್ಲ" ಅಂತ ವಾಪಸು ಕೊಟ್ಟೆವು. ಕೌಂಟರಿನಲ್ಲಿ ನಾಲ್ಕು ಜನ ನಿಂತಿದ್ದರು. ಅಜ್ಜಿ ಅಂದರು, "ನಮ್ಮಪ್ಪ ಮದುವೇಲಿ ಉಡಿ ತುಂಬಿದ ದುಡ್ಡು ಕಣಪ್ಪಾ ಇದು. ಅವನು ಸುಳ್ಳು ದುಡ್ಡು ಕೊಡ್ತಾನಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದು 2011ರಲ್ಲಿ. ಒಬ್ಬ ಸದಸ್ಯರು ತಲಾ ಹತ್ತು ಗ್ರಾಂ ತೂಕದ ಎರಡು ಚಿನ್ನದ ನಾಣ್ಯ ತಂದರು. ಜಾತ್ರೆಯಲ್ಲಿ ಗುರುತಿಲ್ಲದವರ ಹತ್ತಿರ ಕಡಿಮೆ ಬೆಲೆಗೆ ಕೊಂಡದ್ದು. ತೂಗಿದೆವು, ತೂಕ ಸರಿ ಇತ್ತು. ಒರೆ ಹಚ್ಚಿದೆವು, ಗೆರೆ ಚಿನ್ನದ್ದೇ. ಸಾಲ ಕೊಟ್ಟೆವು. ಕಂತು ಕಟ್ಟದೆ 2013ರಲ್ಲಿ ನಾಣ್ಯ ಹರಾಜಿಗೆ ಬಂದು, ಕೊಳ್ಳಲು ಬಂದವರು ಅಂಚನ್ನು ಅರದಿಂದ ಉಜ್ಜಿದಾಗ ಒಳಗೆ ತಾಮ್ರ. ಮೇಲೆ ಮಾತ್ರ ದಪ್ಪನೆಯ ಚಿನ್ನದ ಲೇಪ. ನಾಣ್ಯ ಇರಬೇಕಾದ ದಪ್ಪಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟು ಇತ್ತು. ನಾವು ಅದನ್ನು ಕಣ್ಣಾರೆ ನೋಡಿಯೂ, ದಪ್ಪ ಇದ್ದರೆ ಗಟ್ಟಿ ಇರುತ್ತದೆ ಅಂದುಕೊಂಡಿದ್ದೆವು! ಆ ಸದಸ್ಯರೂ ಮೋಸ ಹೋದವರೇ. ಆದರೂ ಮೂರು ಸುಗ್ಗಿಯಲ್ಲಿ ಅಸಲು ಪೂರ್ತಿ ತಂದು ಕಟ್ಟಿದರು. "ಸಂಘದ ದುಡ್ಡು ಅಂದ್ರೆ ಊರಿನ ದುಡ್ಡಲ್ವೇನ್ರಿ" ಅಂದರು. ಅವರ ದೊಡ್ಡ ಮನಸ್ಸಿನಿಂದ ಸಂಘ ಉಳಿಯಿತು. ನಮ್ಮ ಜಾಣತನದಿಂದ ಅಲ್ಲ.

ಈ ಹರಾಜಿನ ಸಂಗತಿ ಕೇಳಿ ನಮ್ಮೂರ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಒಂದು ಸಂಜೆ ಸಂಘಕ್ಕೆ ಬಂದು, ಒಂದು ಲೋಟ ನೀರು ತರಿಸಿಕೊಂಡು, ನಾವು ಈಗ ಹೇಳಲಿರುವ ಪಾಠವನ್ನು ಮಾಡಿದರು.

ಮೊದಲನೆಯದು ತಕ್ಕಡಿ, ಎರಡನೆಯದು ಅಳತೆ

ಗ್ರಾಮಿನ ನೂರನೇ ಒಂದು ಭಾಗ, ಅಂದರೆ 0.01 ಗ್ರಾಂ ತೋರಿಸುವ ಅಂಗೈ ಅಗಲದ ಎಲೆಕ್ಟ್ರಾನಿಕ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ತಿಳಿದುಕೊಳ್ಳುವುದಕ್ಕೆ ಅದು ಸಾಕು. ಕೊಡು-ಕೊಳ್ಳುವ ವ್ಯವಹಾರಕ್ಕೆ ಮಾತ್ರ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ತಕ್ಕಡಿಯೇ ಆಗಬೇಕು. ತೂಗುವ ಮುಂಚೆ ಗೊತ್ತಿರುವ ತೂಕದ ಬಟ್ಟನ್ನು ಇಟ್ಟು ತಕ್ಕಡಿಯನ್ನೇ ಒಮ್ಮೆ ಪರೀಕ್ಷೆ ಮಾಡಿ.

ಇದರ ಜೊತೆಗೆ ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ಮೋಟಾರ್ ರಿಪೇರಿಯವರ ಹತ್ತಿರ, ಲೇತ್ ಅಂಗಡಿಯಲ್ಲಿ ನೋಡಿರುತ್ತೀರಿ. ನಾಣ್ಯದ ಅಗಲ, ದಪ್ಪ ಎರಡನ್ನೂ ಅದು ಅಳೆಯುತ್ತದೆ.

ನಾಣ್ಯಕ್ಕೆ ಒಂದು ಗುಣವಿದೆ. ಸರ್ಕಾರದ ಟಂಕಸಾಲೆಯಲ್ಲಿ ಅಚ್ಚಾದ ಪ್ರತಿ ನಾಣ್ಯಕ್ಕೂ ಗೊತ್ತಾದ ತೂಕ, ಗೊತ್ತಾದ ಅಗಲ ಇರುತ್ತದೆ. ನಮ್ಮ ಕಡೆ ಪವನು ಅನ್ನುವ ಬ್ರಿಟಿಷ್ ಸವರನ್ ತೆಗೆದುಕೊಳ್ಳಿ. 1918ರಲ್ಲಿ ಮುಂಬಯಿಯಲ್ಲೂ ಅದನ್ನು ಅಚ್ಚು ಹಾಕಿದ್ದರು. 22 ಕ್ಯಾರೆಟ್ ಚಿನ್ನ, ತೂಕ 7.99 ಗ್ರಾಂ, ಅಗಲ 22.05 ಮಿಲಿಮೀಟರ್, ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟೇ ಅಗಲ, ಅಷ್ಟೇ ದಪ್ಪಕ್ಕೆ ಹಿತ್ತಾಳೆಯಲ್ಲಿ ಮಾಡಿದರೆ ನಾಲ್ಕು ಗ್ರಾಂ ಕೂಡ ತೂಗುವುದಿಲ್ಲ. ತೂಕ ಸರಿ ಮಾಡೋಣ ಅಂದರೆ ದಪ್ಪ ಎರಡರಷ್ಟಾಗುತ್ತದೆ. ತೂಕ, ಅಗಲ, ದಪ್ಪ ಮೂರನ್ನೂ ಒಟ್ಟಿಗೆ ಸರಿ ಮಾಡುವುದು ಸಾಧಾರಣ ಮೋಸಗಾರನ ಕೈಲಿ ಆಗದ ಕೆಲಸ. ನಾವು ಬರೀ ತೂಕ ನೋಡಿದೆವು, ಅಲ್ಲಿಯೇ ಕೆಟ್ಟೆವು.

ಮೂರನೆಯದು ಅಯಸ್ಕಾಂತ

ಚಿನ್ನವೂ ಬೆಳ್ಳಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವೋ ನಿಕಲ್ಲೋ ಇದೆ ಎಂದರ್ಥ. ನಿಯೋಡಿಮಿಯಂ ಎಂಬ ಗಟ್ಟಿ ಅಯಸ್ಕಾಂತ ಕೊಂಡರೆ ಒಳ್ಳೆಯದು. ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದರೂ ಸಿಗುತ್ತದೆ. ಉದಾಹರಣೆಗೆ, ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿ ಅಂತ ಜೋಪಾನ ಮಾಡಿಟ್ಟವರು ನಮ್ಮಲ್ಲಿ ಎಷ್ಟೋ ಜನ. ಅದು ನಿಕಲ್. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತದೆ.

ಆದರೆ ಒಂದು ಎಚ್ಚರ. ಅಂಟಲಿಲ್ಲ ಅಂದ ಮಾತ್ರಕ್ಕೆ ಚಿನ್ನ ಆಗಲಿಲ್ಲ. ತಾಮ್ರ, ಹಿತ್ತಾಳೆ, ಸೀಸ ಇವೂ ಅಂಟುವುದಿಲ್ಲ. ಅಯಸ್ಕಾಂತ "ಇದು ಬೇಡ" ಅಂತ ಹೇಳಬಲ್ಲದು, "ಇದು ಸರಿ" ಅಂತ ಹೇಳಲಾರದು.

ಬೆಳ್ಳಿ ಗಟ್ಟಿಗೆ ಇನ್ನೊಂದು ಉಪಾಯ ಇದೆ. ಗಟ್ಟಿಯನ್ನು ಓರೆಯಾಗಿ ಹಿಡಿದು ಅಯಸ್ಕಾಂತವನ್ನು ಅದರ ಮೇಲೆ ಜಾರಲು ಬಿಡಿ. ಬೆಳ್ಳಿಯಲ್ಲಿ ವಿದ್ಯುತ್ತು ಬಹಳ ಸಲೀಸಾಗಿ ಹರಿಯುವುದರಿಂದ ಅಯಸ್ಕಾಂತ ತಡೆದು ತಡೆದು ನಿಧಾನವಾಗಿ ಇಳಿಯುತ್ತದೆ. ಸೀಸದ ಮೇಲೆ, ಜರ್ಮನ್ ಸಿಲ್ವರ್ ಮೇಲೆ ಜರ್ರನೆ ಜಾರಿಬಿಡುತ್ತದೆ. ಅಂದ ಹಾಗೆ ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ. ಹೆಸರು ಕೇಳಿ ಮೋಸ ಹೋಗಬೇಡಿ. ತಾಮ್ರದ ಗಟ್ಟಿಯ ಮೇಲೂ ಅಯಸ್ಕಾಂತ ನಿಧಾನವಾಗಿಯೇ ಇಳಿಯುತ್ತದೆ. ಅದನ್ನು ಹಿಡಿಯುವುದಕ್ಕೆ ಮುಂದಿನ ಪರೀಕ್ಷೆ ಬೇಕು.

ನಾಲ್ಕನೆಯದು ಒಂದು ಲೋಟ ನೀರು

ಇದೇ ಮೇಷ್ಟ್ರು ತೋರಿಸಿಕೊಟ್ಟದ್ದು. ರಾಜನ ಕಿರೀಟದ ಕಥೆಯಲ್ಲಿ ಆರ್ಕಿಮಿಡೀಸನ ಹೆಸರು ಕೇಳಿದ್ದೀರಿ. ಆ ತತ್ವವೇ ಇದು.

ತಕ್ಕಡಿಯ ಮೇಲೆ ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಹಗುರವಾದ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ತಕ್ಕಡಿ ಅಷ್ಟು ಭಾರ ತಡೆಯುತ್ತದೆಯೇ ನೋಡಿಕೊಳ್ಳಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ತಾಗಬಾರದು, ಪಕ್ಕಕ್ಕೂ ತಾಗಬಾರದು. ಮೈಮೇಲೆ ಗಾಳಿಗುಳ್ಳೆ ಇರಬಾರದು. ನಾಣ್ಯವನ್ನು ಮೊದಲೇ ಒದ್ದೆ ಬೆರಳಿನಿಂದ ಸವರಿದರೆ ಗುಳ್ಳೆ ಹೋಗುತ್ತದೆ. ಆಗ ತಕ್ಕಡಿ ಒಂದು ಸಣ್ಣ ಅಂಕಿ ತೋರಿಸುತ್ತದೆ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. ಬಂದದ್ದೇ ಆ ಲೋಹದ ಸಾಂದ್ರತೆ.

ಹತ್ತು ಗ್ರಾಂ ತೂಕದ ತುಣುಕಿಗೆ ನೀರಿನಲ್ಲಿ ಬರುವ ಅಂಕಿಯನ್ನು ಹೀಗೆ ನೆನಪಿಡಿ:

24 ಕ್ಯಾರೆಟ್ ಚಿನ್ನ – 0.52 (ಸಾಂದ್ರತೆ 19.3)
22 ಕ್ಯಾರೆಟ್ ಚಿನ್ನ – ಸುಮಾರು 0.57 (ಸಾಂದ್ರತೆ 17.6ರ ಆಸುಪಾಸು)
ಶುದ್ಧ ಬೆಳ್ಳಿ – 0.95 (ಸಾಂದ್ರತೆ 10.5)
ಸೀಸ – 0.88 (ಸಾಂದ್ರತೆ 11.3)
ತಾಮ್ರ – 1.12 (ಸಾಂದ್ರತೆ 8.9)
ಹಿತ್ತಾಳೆ – 1.15ರಿಂದ 1.2ರ ಒಳಗೆ

ನೋಡಿದಿರಲ್ಲ, ತಾಮ್ರದ ಅಂಕಿ ಚಿನ್ನದ ಎರಡರಷ್ಟು ಇದೆ. 2011ರ ಆ ಎರಡು ನಾಣ್ಯಗಳನ್ನು ಐದು ನಿಮಿಷ ನೀರಿಗೆ ಇಳಿಬಿಟ್ಟಿದ್ದರೆ ಸಾಕಿತ್ತು. ಲೇಪ ಎಷ್ಟು ದಪ್ಪವಾಗಿದ್ದರೂ ನೀರಿನ ಮುಂದೆ ಆಟ ನಡೆಯುತ್ತಿರಲಿಲ್ಲ. ಯಾಕೆಂದರೆ ಒರೆಗಲ್ಲು ಮೈ ನೋಡುತ್ತದೆ, ನೀರು ಹೊಟ್ಟೆಯನ್ನೂ ನೋಡುತ್ತದೆ.

ಇದಕ್ಕೂ ಮಿತಿ ಇದೆ. ಒಂದು ಗ್ರಾಮಿನ ಪುಟ್ಟ ನಾಣ್ಯಕ್ಕೆ ನೀರಿನ ಅಂಕಿ ಬರೀ 0.05. ಒಂದು ಮನೆ ಆಚೀಚೆ ಆದರೂ ಲೆಕ್ಕ ಕೆಡುತ್ತದೆ. ಹಾಗಾಗಿ ಎರಡು ಮೂರು ಗ್ರಾಮಿಗಿಂತ ಸಣ್ಣದಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಟೊಳ್ಳಾದ ಒಡವೆಗೆ, ಹರಳು ಕೂರಿಸಿದ್ದಕ್ಕೆ, ಅರಗು ತುಂಬಿದ್ದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಸೀಸ, ತಾಮ್ರ ಬೆರೆಸಿ ಬೆಳ್ಳಿಯ ಸಾಂದ್ರತೆಗೆ ತಂದು ಮೇಲೆ ಬೆಳ್ಳಿ ಲೇಪ ಕೊಟ್ಟರೆ ನೀರೂ ಮೋಸ ಹೋಗಬಹುದು. ಆಗ ಅಯಸ್ಕಾಂತದ ಜಾರುವಿಕೆ, ನಾದ ಇವು ಕೈ ಹಿಡಿಯುತ್ತವೆ.

ನಾದ ಮತ್ತು ಒರೆಗಲ್ಲು

ಸಂತೆಯಲ್ಲಿ ನಮ್ಮ ಹಿರಿಯರು ರೂಪಾಯಿಯನ್ನು ಕಲ್ಲಿನ ಮೇಲೆ ಠಣ್ಣೆನಿಸಿ ತೆಗೆದುಕೊಳ್ಳುತ್ತಿದ್ದರು. ಅದು ಮೂಢನಂಬಿಕೆ ಅಲ್ಲ. ಬೆಳ್ಳಿಯ ನಾಣ್ಯವನ್ನು ಬೆರಳ ತುದಿಯಲ್ಲಿ ಇಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರೆ ನಾದ ಎಳೆದು ಬರುತ್ತದೆ. ಸೀಸ ಬೆರೆತದ್ದು ದಬ್ಬೆಂದು ಸತ್ತ ಸದ್ದು ಕೊಡುತ್ತದೆ. ಬಿರುಕು ಬಿಟ್ಟ ಒಳ್ಳೆಯ ನಾಣ್ಯವೂ ನಾದ ಕೊಡುವುದಿಲ್ಲ, ಗಟ್ಟಿಗೆ ಈ ಪರೀಕ್ಷೆ ಹೊಂದುವುದಿಲ್ಲ ಎಂಬುದು ನೆನಪಿರಲಿ.

ಒರೆಗಲ್ಲು ಬಹಳ ಹಳೆಯ ಸಾಧನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಅದರ ವಿವರ ಬರುತ್ತದೆ. ಅದನ್ನು ನಾವು ಹಳಿಯುವುದಿಲ್ಲ. ನುರಿತ ಅಕ್ಕಸಾಲಿಗರು ಗೊತ್ತಿರುವ ಮಟ್ಟದ ಕಡ್ಡಿಯಿಂದ ಪಕ್ಕದಲ್ಲಿ ಗೆರೆ ಎಳೆದು, ಆಮ್ಲ ಸವರಿ, ಎರಡೂ ಗೆರೆ ಹೇಗೆ ಮಾಸುತ್ತವೆ ಎಂದು ಹೋಲಿಸಿ ಮಟ್ಟ ಹೇಳುತ್ತಾರೆ. ಕಲ್ಲು ಹೇಳುವುದು ಉಜ್ಜಿದ ಜಾಗದ ಸಂಗತಿ ಮಾತ್ರ. ಇನ್ನು ಆಮ್ಲ ಅಂದರೆ ನೈಟ್ರಿಕ್ ಆಮ್ಲ. ಕೈ, ಕಣ್ಣು ಸುಡುವಂಥದ್ದು. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಅಜ್ಜಿಯ ರೂಪಾಯಿಗಳು

ಪಾಠ ಮುಗಿದ ಮೇಲೆ ನಾವು ಮೇಷ್ಟ್ರಿಗೆ ಅಜ್ಜಿಯ ವಿಷಯ ಹೇಳಿದೆವು. "ಇಸವಿ ನೋಡಿದ್ರಾ?" ಅಂತ ಕೇಳಿದರು. ನೋಡಿರಲಿಲ್ಲ. ಆಗ ವಿವರಿಸಿದರು. ಹಳೆಯ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಸರ್ಕಾರವೇ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದದ್ದು ತಾಮ್ರ, ನಿಕಲ್, ಸತು. 1945ರವರೆಗಿನ ರೂಪಾಯಿಗಳು ಹಾಗೇ ಬಂದವು. ತೂಕ ಮಾತ್ರ ಅದೇ 11.66. ಆಮ್ಲಕ್ಕೆ ಗೆರೆ ಹಸಿರಾದದ್ದು ಆ ತಾಮ್ರದಿಂದ. ಹಳೆಯ ರೂಪಾಯಿ ನೀರಿನಲ್ಲಿ 1.13 ತೋರಿಸಿದರೆ, ಈ ಅರ್ಧ ಬೆಳ್ಳಿಯದು 1.22ರ ಹತ್ತಿರ ತೋರಿಸುತ್ತದೆ.

ಅಂದರೆ ಅಜ್ಜಿಯ ತಂದೆ ಕೊಟ್ಟದ್ದು ಸುಳ್ಳು ದುಡ್ಡಲ್ಲ. ಸರ್ಕಾರ ಅಚ್ಚು ಹಾಕಿದ ಅಸಲಿ ನಾಣ್ಯ. ಎಂಟು ರೂಪಾಯಿಗೆ 46 ಗ್ರಾಮಿಗೂ ಮೀರಿ ಶುದ್ಧ ಬೆಳ್ಳಿ ಅದರಲ್ಲಿತ್ತು.

ಮರುದಿನ ಬೆಳಿಗ್ಗೆ ಅಜ್ಜಿಯ ಮನೆಗೆ ಹೋದೆವು. ತಪ್ಪಾಯಿತು ಅಂದೆವು. ಅಜ್ಜಿ ಅಡಿಗೆಮನೆಯಿಂದ ಒಂದು ಸ್ಟೀಲ್ ಕೊಡಪಾನ ತಂದು ಮುಂದಿಟ್ಟರು. "ಸಂಘದೋರೇ ಬೆಳ್ಳಿ ಅಲ್ಲ ಅಂದ್ಮೇಲೆ ಇಟ್ಕೊಂಡು ಏನ್ ಮಾಡ್ಲಿ ಅಂತ ಪಾತ್ರೆಯೋನಿಗೆ ಹಾಕ್ಬಿಟ್ಟೆ. ಇದ್ ಕೊಟ್ಟ" ಅಂದರು. ಬೈಯಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಅವರು ಈಗ ಇಲ್ಲ. ಬೆಳ್ಳಿಯ ಬೆಲೆಯನ್ನು ಆಡಳಿತ ಮಂಡಳಿ ಮೊಮ್ಮಗಳ ಹೆಸರಿಗೆ ಠೇವಣಿ ಮಾಡಿತು ನಿಜ. ಆದರೆ ಅಪ್ಪ ಉಡಿ ತುಂಬಿದ ದುಡ್ಡನ್ನು ಯಾವ ಮಂಡಳಿಯೂ ವಾಪಸು ತರಲಾರದು.

ನಕಲಿಯನ್ನು ಅಸಲಿ ಅಂದರೆ ಸಂಘಕ್ಕೆ ನಷ್ಟ. ಅಸಲಿಯನ್ನು ನಕಲಿ ಅಂದರೆ ಸದಸ್ಯರಿಗೆ ನಷ್ಟ, ಮೇಲೆ ಅವಮಾನ. ಪರೀಕ್ಷೆ ಮಾಡುವವರು ಎರಡಕ್ಕೂ ಹೆದರಬೇಕು ಎಂಬುದನ್ನು ನಾವು ಆ ದಿನ ಕಲಿತೆವು.

ನೀರಿಗೂ ಸಿಗದ ಮೋಸ

ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25. ಹೆಚ್ಚು ಕಡಿಮೆ ಚಿನ್ನದಷ್ಟೇ. ಚಿನ್ನದ ಗಟ್ಟಿಯೊಳಗೆ ಅದನ್ನು ತುಂಬಿಟ್ಟರೆ ತಕ್ಕಡಿ, ಅಳತೆ, ನೀರು ಮೂರೂ ಸುಮ್ಮನಾಗುತ್ತವೆ. ಇದಕ್ಕೆ ಅಲ್ಟ್ರಾಸೋನಿಕ್ ದಪ್ಪಮಾಪಕ ಎಂಬ ಸಾಧನ ಇದೆ. ಚಿನ್ನದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 3240 ಮೀಟರ್ ಹೋದರೆ ಟಂಗ್‌ಸ್ಟನ್ನಿನಲ್ಲಿ 5200 ಮೀಟರಿನ ಹತ್ತಿರ ಹೋಗುತ್ತದೆ. ಚಿನ್ನಕ್ಕೆ ಹೊಂದಿಸಿದ ಮಾಪಕ ಅಂಥ ಗಟ್ಟಿಯನ್ನು ನಿಜಕ್ಕಿಂತ ತೆಳ್ಳಗೆ ತೋರಿಸುತ್ತದೆ. ಕ್ಯಾಲಿಪರಿನ ಅಳತೆಗೆ ಅದು ತಾಳೆಯಾಗದಿದ್ದರೆ ಅನುಮಾನ ಪಡಬೇಕು.

ದೊಡ್ಡ ಅಂಗಡಿಗಳಲ್ಲಿರುವ ಎಕ್ಸ್-ರೇ ಯಂತ್ರ ಲಕ್ಷಗಟ್ಟಲೆ ಬೆಲೆಯದು. ಒಂದು ನಿಮಿಷದಲ್ಲಿ ಮಟ್ಟ ಹೇಳುತ್ತದೆ. ಆದರೆ ಅದೂ ನೋಡುವುದು ಮೇಲ್ಪದರವನ್ನೇ. ಕಡೆಯ ಮಾತು ಹೇಳುವುದು ಪರಖು ಕೇಂದ್ರದಲ್ಲಿ ತುಣುಕು ತೆಗೆದು ಕರಗಿಸಿ ನೋಡುವ ಬೆಂಕಿ ಪರೀಕ್ಷೆ.

ಆದ್ದರಿಂದ ಗಟ್ಟಿಯ ವಿಷಯದಲ್ಲಿ ನಮ್ಮ ಸಲಹೆ ಸರಳ. ಬಿಲ್ಲಿಲ್ಲದೆ, ಗುರುತಿಲ್ಲದವರ ಹತ್ತಿರ ಗಟ್ಟಿ ಕೊಳ್ಳಬೇಡಿ. ಗಟ್ಟಿ ಚಿನ್ನ-ಬೆಳ್ಳಿಯ ಮೇಲೆ ಸಾಲ ಕೊಡಬಾರದೆಂದೂ, ಚಿನ್ನದ ನಾಣ್ಯವಾದರೆ ಒಬ್ಬ ಸಾಲಗಾರರಿಗೆ 50 ಗ್ರಾಮಿನ ಮಿತಿ ಎಂದೂ, ಒರೆ ಹಚ್ಚುವಾಗ ಸಾಲಗಾರರು ಎದುರಿಗೇ ಇರಬೇಕೆಂದೂ ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಸಂಘವೂ ಅದೇ ದಾರಿ ಹಿಡಿದಿದೆ.

ಒಡವೆಯ ಮೇಲಿನ ಮುದ್ರೆ ಸಹ ನೋಡಿ. ಭಾರತೀಯ ಮಾನಕ ಬ್ಯೂರೋದ ತ್ರಿಕೋನ ಚಿಹ್ನೆ, 22ಕೆ916 ಎಂಬಂಥ ಮಟ್ಟದ ಅಂಕಿ, ಅಕ್ಷರ-ಅಂಕಿ ಸೇರಿದ ಆರು ಮನೆಯ ಎಚ್‌ಯುಐಡಿ ಗುರುತು ಇವು ಮೂರು ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಜಿಲ್ಲೆಗಳಲ್ಲಿ ಈ ಆರು ಮನೆಯ ಗುರುತಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಫೋನಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಹಾಕಿಕೊಂಡು ಆ ಗುರುತನ್ನು ಒತ್ತಿದರೆ ಅದು ಯಾವ ಬಗೆಯ ಒಡವೆ, ಯಾವ ಮಟ್ಟ ಎಂಬುದು ಬರುತ್ತದೆ. ಕೈಯಲ್ಲಿರುವುದು ಉಂಗುರ, ಫೋನಿನಲ್ಲಿ ಬಂದದ್ದು ಓಲೆ ಎಂದಾದರೆ ಮುದ್ರೆಯೇ ಸುಳ್ಳು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಯಾವ ಸಾಧನವೂ ತಡೆಯದ ಮೋಸ

"ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡ್ತೀವಿ" ಎಂಬ ಫೋನು ನಮ್ಮ ಕಡೆಯ ಎಷ್ಟೋ ಜನರಿಗೆ ಬಂದಿದೆ. ಮೊದಲು ಒಂದೆರಡು ನಾಣ್ಯ ಕೊಡುತ್ತಾರೆ. ಯಾವ ಅಕ್ಕಸಾಲಿಗರಿಗೆ ತೋರಿಸಿದರೂ ಅಸಲಿ, ಯಾಕೆಂದರೆ ಅದು ನಿಜವಾಗಿಯೂ ಅಸಲಿ! ನಂಬಿ ಎತ್ತು ಮಾರಿದ ದುಡ್ಡು, ಮೆಕ್ಕೆಜೋಳದ ದುಡ್ಡು ತೆಗೆದುಕೊಂಡು ಹೋದರೆ ಕೈಗೆ ಬರುವುದು ಹಿತ್ತಾಳೆಯ ಚೀಲ. ಮಾದರಿಯನ್ನು ಪರೀಕ್ಷೆ ಮಾಡಿದರೆ ಚೀಲವನ್ನು ಪರೀಕ್ಷೆ ಮಾಡಿದ ಹಾಗಾಗಲಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ಗುಟ್ಟಾಗಿ ಕೊಳ್ಳುವುದೂ ಅಪರಾಧಕ್ಕೆ ಕೈ ಹಾಕಿದಂತೆ. ಅಂಥ ಫೋನು ಬಂದರೆ ಪೊಲೀಸರಿಗೆ ತಿಳಿಸಿ.

ಕೊನೆಯ ಮಾತು

ಬಂಧುಗಳೇ, ಒಂದು ಸಣ್ಣ ತಕ್ಕಡಿ, ಒಂದು ಕ್ಯಾಲಿಪರ್, ಒಂದು ಅಯಸ್ಕಾಂತ, ಒಂದು ಲೋಟ ನೀರು. ಇಷ್ಟೇ ನಮ್ಮ ಸಾಮಾನು. ಯಾವುದೂ ಒಂಟಿಯಾಗಿ ಪೂರ್ತಿ ನಿಜ ಹೇಳುವುದಿಲ್ಲ. ನಾಲ್ಕೂ ಒಂದೇ ಮಾತು ಹೇಳಿದರೆ ನಂಬಿ. ಒಂದು ಬೇರೆ ಹೇಳಿದರೂ ನಿಲ್ಲಿ, ಪರಖು ಕೇಂದ್ರಕ್ಕೆ ಕಳಿಸಿ. "ನಮಗೆ ಗೊತ್ತಾಗ್ತಿಲ್ಲ, ಕಳಿಸಿ ನೋಡೋಣ" ಅನ್ನುವುದಕ್ಕೆ ನಾಚಿಕೆ ಬೇಡ. 2009ರಲ್ಲಿ ನಾವು ಅಷ್ಟು ಅಂದಿದ್ದರೆ ಸಾಕಾಗಿತ್ತು.

ನಮ್ಮ ಕೌಂಟರಿನಲ್ಲಿ ಈಗ ತಕ್ಕಡಿಯ ಮುಖ ಸದಸ್ಯರ ಕಡೆಗೆ ತಿರುಗಿದೆ. ಬಂದ ಅಂಕಿಯನ್ನು ಸದಸ್ಯರೇ ಓದಿ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನಾಣ್ಯವಾದರೆ ಇಸವಿಯನ್ನೂ ಬರೆಯುತ್ತೇವೆ. ನಿಮ್ಮ ಮನೆಯಲ್ಲಿ ಹಳೇ ರೂಪಾಯಿ, ಪವನು ಏನಿದ್ದರೂ ಪಾತ್ರೆಯವನಿಗೆ ಹಾಕುವ ಮುಂಚೆ ಒಮ್ಮೆ ಸಂಘಕ್ಕೆ ತನ್ನಿ. ಸಾಲ ಬೇಕಿಲ್ಲದಿದ್ದರೂ ಸರಿ, ಪರೀಕ್ಷೆಗೆ ಶುಲ್ಕವಿಲ್ಲ.



ಜೈ ಕರ್ನಾಟಕ, ಜೈ ಸಹಕಾರ.